ಎರಡನೆಯ ಹಾಳೆ

ಆ ಬೆಳಿಗ್ಗೆ ಕೋಪನ್‌ಹೇಗನ್ನಿನ ಮೇಲೆ ಮಳೆಯೂ ಅಲ್ಲದ, ಹಿಮವೂ ಅಲ್ಲದ ಏನೋ ಒಂದು ಸುರಿಯುತ್ತಿತ್ತು. ಬಂದರಿನ ಗಾಳಿಗೆ ಕಿಟಕಿಯ ಗಾಜು ಹಲ್ಲು ಕಡಿಯುತ್ತಿತ್ತು. ನಾಲ್ಕು ತಿಂಗಳಿಂದ ಹಾಸಿಗೆ ಹಿಡಿದಿದ್ದ ಮುದುಕ ಥೋರ್ವಾಲ್ಡ್ ಲಿಂಡೆಗೋರ್ ಮಗಳನ್ನು ಕರೆದ.

"ಅಗ್ನೇತೆ, ಕಾಗದ ತಗೊಂಬಾ. ಬರೆಯೋದಿದೆ."

ಏನು ಬರೆಯುವುದೆಂದು ಅವಳಿಗೆ ಗೊತ್ತಿತ್ತು. ರಾಜ ಕೊಡುವ ಡ್ಯಾನೆಬ್ರೋ ವೀರಪದವಿಯ ಶಿಲುಬೆ-ಪದಕ ಪಡೆದವರು ತಮ್ಮ ಬದುಕಿನ ಕಥೆಯನ್ನು ತಾವೇ ಬರೆದು ಅರಮನೆಯ ಕಚೇರಿಗೆ ಒಪ್ಪಿಸಬೇಕು. ಸತ್ತ ಮೇಲೆ ಮನೆಯವರು ಶಿಲುಬೆಯನ್ನೂ ಹಿಂದಿರುಗಿಸಬೇಕು. ರಾಯಭಾರಿಯಾಗಿದ್ದ ಅಪ್ಪ ಅದನ್ನು ಪಡೆದು ಇಪ್ಪತ್ತೆರಡು ವರ್ಷವಾಗಿತ್ತು. ಒಂದು ಸಾಲೂ ಬರೆದಿರಲಿಲ್ಲ.

ಗಂಜಿ ತಂದ ಅಡುಗೆಯ ಸೋರಿನೆ ಮೂಗು ಮುರಿದಳು. "ಊರೂರಿನ ರಾಜರಿಗೆ ಓಲೆ ಬರೆದ ಕೈ. ತನ್ನ ಕಥೆ ಬರೆಯೋಕೆ ಇಷ್ಟು ವರ್ಷ ಬೇಕಾಯ್ತಾ ಯಜಮಾನ್ರೇ? ಕುಡೀರಿ, ಆರಿಹೋಗುತ್ತೆ."

"ನಿನ್ನ ಗಂಜಿ ಬಿಸಿಯಿದ್ರೂ ಅಷ್ಟೇ, ಆರಿದ್ರೂ ಅಷ್ಟೇ," ಎಂದ ಮುದುಕ. ಸೋರಿನೆ ಬಟ್ಟಲು ಹಿಡಿದು ಅಲ್ಲೇ ನಿಂತಳು.

ಪಾದ್ರಿಯ ಮಗನಾಗಿ ಹುಟ್ಟಿದ್ದು, ಓದಿದ್ದು, ದೇಶದೇಶ ತಿರುಗಿದ್ದು ಎಲ್ಲ ಮೊದಲ ಹಾಳೆಯಲ್ಲೇ ಮುಗಿಯಿತು. ಎರಡನೆಯದಕ್ಕೆ ಬಂದಾಗ ಅವನ ದನಿ ಇಳಿಯಿತು.

"ಮೂವತ್ತೆಂಟನೇ ಇಸವಿ, ಶನಿವಾರ. ಹೆರ್ಮೀನೆ ಅಂತ ಒಬ್ಬ ಯಹೂದಿ ಹೆಂಗಸು ನನ್ನ ಮೇಜಿನ ಮುಂದೆ ನಿಂತ್ಲು. ಜೊತೇಲಿ ಇಬ್ಬರು ಹೆಣ್ಣುಮಕ್ಕಳು. ಚಿಕ್ಕದರ ಹತ್ರ ಒಂದೇ ಕೈಗವಸು. ವೀಸಾಕ್ಕೆ ನಾನು ರುಜು ಹಾಕಿದ್ರೆ ಮೂವರೂ ಗಡಿ ದಾಟ್ತಿದ್ರು. ಹಾಕೋ ಅಧಿಕಾರ ನನಗಿತ್ತು. ಮಂತ್ರಿಗಳ ಮನೇಲಿ ಔತಣ, ಹೊತ್ತಾಗಿತ್ತು. ಸೋಮವಾರ ಬನ್ನಿ ಅಂದೆ."

"ಸೋಮವಾರ?"

"ಬರ್ಲಿಲ್ಲ. ಭಾನುವಾರವೇ ನಾಜಿಗಳು ಎಳಕೊಂಡು ಹೋಗಿದ್ರು. ಯುದ್ಧ ಮುಗಿದ ಮೇಲೆ ಸತ್ತವರ ಪಟ್ಟಿಯಲ್ಲಿ ಮೂರೂ ಹೆಸರು ನೋಡ್ದೆ. ಅದೇ ತಿಂಗಳು ಶಿಲುಬೆ ಬಂತು."

ಅಗ್ನೇತೆಯ ಪೆನ್ನು ನಿಂತಿತು. "ಅಪ್ಪಾ, ಇದನ್ನ ಬಿಟ್ಟುಬಿಡೋಣ. ಅರಮನೇಲಿ ಇಟ್ಟಿದ್ದು ಇಟ್ಟಂಗೇ ಇರುತ್ತೆ. ನೂರು ವರ್ಷ ಆದ್ಮೇಲೂ ಯಾರಾದ್ರೂ ಓದ್ತಾರೆ."

"ಓದ್ಲಿ. ಶಿಲುಬೆ ಮೇಲೆ ಏನಿದೆ ಹೇಳು?"

"'ದೇವರು ಮತ್ತು ರಾಜ.'"

"ರಾಜನ ಮನಸ್ಸು ಒಂದು ದಿನವೂ ನೋಯಿಸ್ಲಿಲ್ಲ ಮಗಳೇ. ದೇವರು ಒಂದೇ ಸಲ ಬಾಗಿಲಿಗೆ ಬಂದ. ಸೋಮವಾರ ಬಾ ಅಂದೆ."

ಅವಳು ಬರೆದು ಮುಗಿಸಿದ ಮೇಲೆ ಕೆಳಗೆ ರುಜು ಹಾಕಿದ. ಐದನೆಯ ದಿನ ತೀರಿಕೊಂಡ.

ಶವಪೆಟ್ಟಿಗೆಯ ಮುಂದೆ ವಾಡಿಕೆಯಂತೆ ಮಖಮಲ್ಲಿನ ದಿಂಬಿನ ಮೇಲೆ ಶಿಲುಬೆ ಸಾಗಿತು. ಬಿಳಿ ಮೈ, ಕೆಂಪು ಅಂಚು. 'ಕಲೆಯಿಲ್ಲದ ಬದುಕು' ಎಂದರು ಪಾದ್ರಿಗಳು. ಇಗರ್ಜಿ ತುಂಬ ಜನ ತಲೆದೂಗಿದರು. ಆ ಮಾತು ಹಾಗೇ ಉಳಿಯಲಿ ಎಂದು ಅಗ್ನೇತೆಯ ಜೀವ ಬೇಡಿತು.

ಮನೆಗೆ ಬಂದು ಎರಡನೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಒಲೆಯ ಮುಂದೆ ಕೂತಳು. ಮೊದಲ ಹಾಳೆಯೊಂದೇ ಸಾಕಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಸೋರಿನೆ ಕಟ್ಟಿಗೆ ಒಟ್ಟುತ್ತಾ, ತಿರುಗಿ ನೋಡದೆ ಕೇಳಿದಳು:

"ಆ ಒಂಟಿ ಕೈಗವಸಿನ ಮಗು ಇದ್ದಿದ್ರೆ ಈಗ ನಿಮ್ಮಷ್ಟೇ ಇರ್ತಿತ್ತೇನೋ, ಅಲ್ವಾ ಅಮ್ಮಾವ್ರೇ?"

ಮೂವತ್ತೆಂಟರಲ್ಲಿ ಅಗ್ನೇತೆಗೆ ಏಳು ತುಂಬಿತ್ತು. ಅದೇ ಚಳಿಗಾಲದಲ್ಲಿ ಅಪ್ಪ ಅವಳಿಗೆ ಕೆಂಪು ಉಣ್ಣೆಯ ಕೈಗವಸು ಕಳಿಸಿದ್ದ. ಎರಡೂ ಕೈಗೆ. ಅವಳು ಒಲೆಯ ಬಾಗಿಲು ಮುಚ್ಚಿದಳು.

ಮರುದಿನ ಅರಮನೆಯ ಕಚೇರಿಯಲ್ಲಿ ಬಿಳಿಗೂದಲಿನ ಗುಮಾಸ್ತ ಪೆಟ್ಟಿಗೆ ತೆರೆದು ಶಿಲುಬೆಯನ್ನು ಬೆಳಕಿಗೆ ಹಿಡಿದ. "ಬಹಳ ಹಳೇದಮ್ಮ ಇದು. ನಿಮ್ಮ ತಂದೆಗಿಂತ ಮೊದಲೇ ಇಬ್ಬರ ಎದೆ ಮೇಲಿತ್ತು. ಒರೆಸಿಟ್ರೆ ನಾಳೆ ಇನ್ನೊಬ್ಬರಿಗೆ." ಆಮೇಲೆ ಕನ್ನಡಕದ ಮೇಲಿಂದ ನೋಡಿದ. "ಅವರ ಕಥೆಯೊಂದು ಬರಬೇಕಿತ್ತು."

ಅಗ್ನೇತೆ ಚೀಲದಿಂದ ಎರಡೂ ಹಾಳೆ ತೆಗೆದಳು. ಎರಡನೆಯದನ್ನು ಮೇಲಿಟ್ಟು ಅವನ ಕೈಗೆ ಕೊಟ್ಟಳು.