ಬಲಗಡೆಯ ಕೊನೆಯ ಬಟನ್

"ಟಾರ್ಚನ್ನ ವೈರಿನ ಮೇಲೆ ಬಿಡಮ್ಮ, ನನ್ನ ಮೂತಿ ಮೇಲಲ್ಲ," ಎಂದು ಟಿವಿ ರಿಪೇರಿಯವನು ಆಟದ ಪೆಟ್ಟಿಗೆಯ ಒಳಗಿನಿಂದ ಗೊಣಗಿದ. ಸೊಂಟದ ಮೇಲಿನ ಭಾಗವೆಲ್ಲ ಪೆಟ್ಟಿಗೆಯ ಹೊಟ್ಟೆಯಲ್ಲಿತ್ತು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು, ಒಂದು ಚಪ್ಪಲಿ. ಕಂಡಕ್ಟರಮ್ಮ ಟಾರ್ಚನ್ನು ಓರೆ ಮಾಡಿದಳು. "ಈಗ ಒತ್ತು," ಎಂದ. ಅವಳು ಕೈ ಮೇಲೆ ಚಾಚಿ, ಬಲಗಡೆ ನಿಲ್ಲುವವರ ಕೆಳಸಾಲಿನ ಕೊನೆಯ ಬಟನ್ ಒತ್ತಿ, ತಲೆಯೆತ್ತಿ ನೋಡಿದಳು. ಪರದೆಯ ಮೇಲೆ ಬೋಳುತಲೆಯ ಜಟ್ಟಿ ಕಾಲೆತ್ತಿ ಗಾಳಿಗೆ ಒದ್ದ.

ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ ಒದ್ದ. ಆಮೇಲೆ ಸುಮ್ಮನೆ ಒತ್ತುತ್ತಲೇ ಹೋದಳು.

"ಸಾಕು ಬಿಡು, ಅವನಿಗೂ ಕಾಲು ನೋಯತ್ತೆ," ಎಂದು ರಿಪೇರಿಯವನು ಹೊರಗೆ ತೆವಳಿ ಬಂದು ಬೆನ್ನಿನ ಧೂಳು ಕೊಡವಿಕೊಂಡ.

ಮಾರನೆಯ ದಿನ ಭಾನುವಾರ, ಬಸ್ ಡಿಪೋದ ಇದೇ ವಿಶ್ರಾಂತಿ ಕೊಠಡಿಯಲ್ಲಿ ಪಂದ್ಯಾವಳಿ. ಇಬ್ಬರು ಪೆಟ್ಟಿಗೆಯ ಮುಂದೆ ಅಕ್ಕಪಕ್ಕ ನಿಂತು, ಪರದೆಯೊಳಗಿನ ಇಬ್ಬರು ಜಟ್ಟಿಗಳನ್ನು ಕಾದಾಡಿಸುವ ಹಳೆಯ ಆಟ. ಕಂಡಕ್ಟರಮ್ಮ ಲಂಗ ಹಾಕುತ್ತಿದ್ದ ಕಾಲದಲ್ಲಿ ಅವರ ಬೀದಿಯ ವಿಡಿಯೋ ಗೇಮ್ ಅಂಗಡಿಯಲ್ಲಿದ್ದದ್ದು ಇದೇ ಪೆಟ್ಟಿಗೆ. ಅಂಗಡಿ ಮುಚ್ಚಿದಾಗ ಮಾಲೀಕರು ಅದನ್ನು ಡಿಪೋದ ಗೋದಾಮಿಗೆ ತಳ್ಳಿ ಕೈತೊಳೆದುಕೊಂಡಿದ್ದರು. ಹಳೇ ಟೈರುಗಳ ಹಿಂದೆ ಅದು ಕಣ್ಣಿಗೆ ಬಿದ್ದ ದಿನದಿಂದ ಅವಳಿಗೆ ಹುಚ್ಚು ಹಿಡಿಯಿತು. ಹುಚ್ಚು ಅಂದರೆ ಕೈಕಟ್ಟಿ ಕೂರುವ ಹುಚ್ಚಲ್ಲ. ಡಿಪೋ ಮ್ಯಾನೇಜರು "ಇದು ಮಕ್ಕಳಾಟ ಅಲ್ವೇನಮ್ಮ," ಎಂದಾಗ, "ಆಡೋರಿಗೆಲ್ಲ ಮಕ್ಕಳಿದ್ದಾರೆ ಸಾರ್," ಎಂದು ಹೇಳಿ ಕೊಠಡಿಯ ಬೀಗದ ಕೈ ಇಸಿದುಕೊಂಡಳು. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ಯಾರ ಹೆಬ್ಬೆರಳು ಮೊಬೈಲಿನ ಮೇಲೆ ಚುರುಕಾಗಿ ಓಡುತ್ತದೆ ಎಂದು ನೋಡಿಟ್ಟುಕೊಂಡು, ಅವರು ಇಳಿಯುವ ಮುಂಚೆ "ಭಾನುವಾರ ಬಿಡುವಿದ್ಯಾ" ಎಂದು ಕೇಳಿದಳು. ಹಲ್ಲಿನ ಡಾಕ್ಟರಿಕೆ ಓದುವ ಒಬ್ಬ ಹುಡುಗಿ ಸಿಕ್ಕಿದ್ದು ಹಾಗೇ. ಗೆದ್ದವರಿಗೆ ಕೊಡಲು ಗುಜರಿ ಬಸ್ಸೊಂದರ ಸ್ಟೇರಿಂಗನ್ನು ಬಿಚ್ಚಿಸಿ, ಉಜ್ಜಿಸಿ, ಬಂಗಾರದ ಬಣ್ಣ ಹೊಡೆಸಿದಳು. ಇಂಥ ಹೆಂಗಸಿನ ಕೈಗೆ ಊರನ್ನೇ ಕೊಟ್ಟರೆ ಊರೂ ಹೊತ್ತಿಗೆ ಸರಿಯಾಗಿ ಹೊರಡುತ್ತದೆ.

ಅವಳು ಮಾತ್ರ ಆಡುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದಳು. ಕೇಳಿದವರಿಗೆಲ್ಲ ಒಂದೇ ಉತ್ತರ: "ನಡೆಸೋರು ಆಡಬಾರದು. ಕಂಡಕ್ಟರ್ ಆದವಳು ಸೀಟಿಗೆ ಜಗಳ ಆಡ್ತಾಳಾ?"

ಆಡುವುದು ಅವಳ ಅಣ್ಣ. ಕನ್ನಡಕದ ಅಂಗಡಿ ಇಟ್ಟಿದ್ದರೂ ಬೀದಿಯಲ್ಲಿ ಅವನನ್ನು ಇಂದಿಗೂ ಚಾಂಪಿಯನ್ ಎಂದೇ ಕರೆಯುತ್ತಾರೆ. ಆ ವಿಡಿಯೋ ಗೇಮ್ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು: ಗೆದ್ದವನು ಎಡಗಡೆ, ಸವಾಲು ಹಾಕುವವನು ಬಲಗಡೆ. ಅಣ್ಣ ಎಡಗಡೆ ನಿಂತನೆಂದರೆ ಅವನನ್ನು ಅಲ್ಲಿಂದ ಕದಲಿಸುವ ಗಂಡು ಹುಟ್ಟಿರಲಿಲ್ಲ. ಎಲ್ಲೋ ಅಪರೂಪಕ್ಕೆ ಸೋತ ದಿನ ಬಲಗಡೆಗೆ ಹೋಗಿ ಸವಾಲು ಹಾಕುವ ಬದಲು ಚೀಲ ಹೆಗಲಿಗೇರಿಸಿ ಮನೆಗೆ ನಡೆದುಬಿಡುತ್ತಿದ್ದ. ಮಾರನೇ ದಿನ ಎಲ್ಲರಿಗಿಂತ ಮೊದಲು ಬಂದು ಮತ್ತೆ ಎಡಗಡೆ.

ಆ ಶನಿವಾರ ಮಧ್ಯಾಹ್ನ ಅವನು ಪೆಟ್ಟಿಗೆ ನೋಡಲು ಬಂದ. ಜೊತೆಗೆ ಪ್ಲಂಬರ್ ಇದ್ದ, ಹಳೆಯ ಗೆಳೆಯ, ಆ ಕಾಲದಲ್ಲಿ ಅಣ್ಣನ ಕೈಯಲ್ಲಿ ಅತಿ ಹೆಚ್ಚು ಪೆಟ್ಟು ತಿಂದವನು. ಪ್ಲಂಬರ್ ಅಭ್ಯಾಸಬಲದಿಂದ ನೆಟ್ಟಗೆ ಬಲಗಡೆಗೆ ಹೋಗಿ ನಿಂತು, ಬೆರಳಾಡಿಸಿದ. ಪರದೆಯ ಮೇಲೆ ಕಾಲು ಹಾರಿತು. ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದೆಗೆದುಕೊಂಡ.

"ಅಯ್ಯೋ, ಈ ಕಡೆ ಜೋರು ಒದೆ ಸರಿ ಮಾಡ್ಸಿಬಿಟ್ಯಾ?"

"ಏನು ಸರಿ ಮಾಡ್ಸಿದ್ದು?" ಎಂದ ಅಣ್ಣ.

"ಇದೇ ಕೊನೇ ಬಟನ್ನು. ಸತ್ತಿತ್ತಲ್ಲ."

"ಯಾವಾಗಿಂದ?"

"ಯಾವಾಗಿಂದ ಅಂದ್ರೆ? ಪೆಟ್ಟಿಗೆ ಬಂದಾಗಿಂದ." ಪ್ಲಂಬರ್ ಅಣ್ಣನ ಮುಖ ನೋಡಿ ತೊದಲಿದ. "ನಿಂಗೆ ಗೊತ್ತಿರಲಿಲ್ವಾ? ನಾವು ಮಾಲೀಕರಿಗೆ ಹೇಳಿದ್ವಿ. 'ಗೆಲ್ಲು, ಆ ಕಡೆಗೆ ಹೋಗು, ಅಲ್ಲಿ ಎಲ್ಲಾ ಸರಿಯಾಗಿದೆ' ಅಂದ್ರು. ಈ ಕಡೆ ನಿಂತ್ರೆ ಹಿಂಗೇ ಅಂತ ಅಂದ್ಕೊಂಡ್ವಿ. ಈಗ ಯಾಕೆ ಬಿಡಪ್ಪಾ."

ಪ್ಲಂಬರ್‌ಗೆ ಇದ್ದಕ್ಕಿದ್ದ ಹಾಗೆ ಟೀ ಕುಡಿಯುವ ನೆನಪಾಯಿತು. ರಿಪೇರಿಯವನನ್ನೂ ಎಳೆದುಕೊಂಡು ಹೊರಗೆ ಹೋದ.

ಅಣ್ಣ ಬಲಗಡೆ ಬಂದು ನಿಂತು ಆರೂ ಬಟನ್‌ಗಳ ಮೇಲೆ ಕೈ ಹರವಿದ. ಇಷ್ಟು ವಯಸ್ಸಾದ ಮೇಲೆ ಅವನು ಆ ಜಾಗದಲ್ಲಿ ನಿಂತದ್ದು ಅದೇ ಮೊದಲು.

"ನೀನು ಹೇಳಿದ್ದೆ ಅಲ್ವಾ," ಎಂದ, ತಂಗಿಯ ಕಡೆ ತಿರುಗದೆ.

"ಒಂದ್ಸಲ. ಊಟಕ್ಕೆ ಕೂತಾಗ."

"ನಾನೇನಂದೆ?"

ಅವನಿಗೆ ನೆನಪಿದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಿದಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಅಂದೆ. ಅಪ್ಪ ನಕ್ರು. ಅಮ್ಮನೂ ನಕ್ರು."

"ನೀನು?"

"ನಾನೂ ನಕ್ಕೆ. ಇನ್ನೇನ್ ಮಾಡ್ಲಿ, ಬಾಯಲ್ಲಿ ಅನ್ನ ಇತ್ತು."

ಅಣ್ಣ ಆ ಬಟನ್ನಿನ ಮೇಲೆ ಒಮ್ಮೆ ಬೆರಳೊತ್ತಿದ. ನಂತರ, "ಆ ವೈರ್ ಮತ್ತೆ ಬಿಚ್ಚಿಸು," ಎಂದ.

ಕಂಡಕ್ಟರಮ್ಮನಿಗೆ ಮೈ ಉರಿಯಿತು. "ಅಣ್ಣ, ನಾಳೆ ಯಾರು ಯಾವ ಕಡೆ ಅಂತ ಚೀಟಿ ಎತ್ತೋದು. ಎಡಗಡೆ ನಿಂಗೇ ಬರತ್ತೆ ಅಂತ ಬರೆದಿಟ್ಟಿಲ್ಲ."

"ಎಡಗಡೆ ಯಾರಿಗೆ ಬೇಕು? ಪ್ರತಿ ಆಟಾನೂ ನಾನು ಬಲಗಡೆನೇ ನಿಲ್ತೀನಿ. ಐದು ಬಟನ್‌ನಲ್ಲೇ ಆಡ್ತೀನಿ. ಆಗ ಗೆದ್ರೆ ಚಾಂಪಿಯನ್. ಇಲ್ದಿದ್ರೆ ಇಷ್ಟು ವರ್ಷ ಮೆರೆದಿದ್ದೆಲ್ಲ ಬರೀ ಓಳು."

ಅವಳ ಸಿಟ್ಟು ಅಷ್ಟರಲ್ಲೇ ಇಳಿಯಿತು. ಆದರೆ ಒಪ್ಪಲಿಲ್ಲ. "ಆಗಲ್ಲ. ಎರಡು ಕಡೆನೂ ಒಂದೇ ಥರ ಇರಬೇಕು, ಅದಕ್ಕೇ ಇಷ್ಟೆಲ್ಲ ಒದ್ದಾಡಿದ್ದು. ನೀನು ಬೇಕಂತ ಕುಂಟ್ಕೊಂಡು ಆಡಿದ್ರೆ ನಿನ್ನ ಸೋಲಿಸಿದವರ ಗೆಲುವಿಗೆ ಏನು ಬೆಲೆ? ನಿನ್ನ ಪ್ರಾಯಶ್ಚಿತ್ತಕ್ಕೆ ನಾನು ಪಂದ್ಯ ಇಟ್ಟಿಲ್ಲ."

ಅವನು ಹೊರಟುಹೋದ. ನಾಳೆ ಬರುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲೇ ಅವಳು ಕುರ್ಚಿಗಳನ್ನು ಸಾಲಾಗಿ ಇಟ್ಟಳು.

ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದ. ಕೊಠಡಿ ತುಂಬಿಹೋಗಿತ್ತು. ಡ್ಯೂಟಿ ಮುಗಿದ ಡ್ರೈವರುಗಳು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಹಳೇ ಅಂಗಡಿಯ ಗಿರಾಕಿಗಳು ಹೊಟ್ಟೆ, ಬೋಳುತಲೆ, ಓದುವ ಕನ್ನಡಕಗಳ ಸಮೇತ ಮುಂದಿನ ಸಾಲಿನಲ್ಲಿ ಕೂತಿದ್ದರು. ಕಂಡಕ್ಟರಮ್ಮ ಕೊರಳಲ್ಲಿ ವಿಷಲ್ ತೂಗಿಹಾಕಿಕೊಂಡು ನಿಂತಿದ್ದಳು. ಎರಡು ಸಲ ಊದಿದರೆ ಆಟ ಶುರು, ಒಂದು ಸಲ ಊದಿದರೆ ಕೈ ಬಿಡಬೇಕು. ಯಾರಿಗೂ ವಿವರಿಸುವ ಅಗತ್ಯ ಬೀಳಲಿಲ್ಲ. ಬಸ್ಸು ಹತ್ತಿದವರಿಗೆಲ್ಲ ಗೊತ್ತಿರುವ ಭಾಷೆ ಅದು. ಯಾರೋ ಒಬ್ಬ ಸರದಿ ಮುರಿದು ಮುಂದೆ ನುಗ್ಗಿದಾಗ "ಹಿಂದೆ ಜಾಗ ಇದೆ, ಹಿಂದೆ ಹೋಗಿ," ಎಂದಳು. ಕೊಠಡಿಗೆ ಕೊಠಡಿಯೇ ನಕ್ಕಿತು, ನುಗ್ಗಿದವನೂ ಹಿಂದೆ ಹೋದ.

ಚೀಟಿಯಲ್ಲಿ ಎಡಗಡೆ ಬಂದಾಗಲೆಲ್ಲ ಅಣ್ಣ ಎದುರಾಳಿಯನ್ನು ಕೇಳಿ ಜಾಗ ಬದಲಿಸಿಕೊಂಡ. ಇಬ್ಬರೂ ಒಪ್ಪಿದರೆ ಬೇಡವೆನ್ನುವ ನಿಯಮ ಅವಳ ಹತ್ತಿರ ಇರಲಿಲ್ಲ. ಮೊದಲ ಆಟದಲ್ಲೇ ಅವಳ ಕಣ್ಣಿಗೆ ಅದು ಬಿತ್ತು: ಅವನ ಉಂಗುರದ ಬೆರಳೂ ಕಿರುಬೆರಳೂ ಅಂಗೈಯೊಳಗೆ ಮಡಚಿಕೊಂಡಿದ್ದವು. ವೈರು ಬಿಚ್ಚದಿದ್ದರೇನು, ಬೆರಳೇ ಮಡಚಿಕೊಂಡಿದ್ದ. ಬೇರೆ ಯಾರೂ ಅದನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ಪಂದ್ಯ ನಿಲ್ಲಿಸಲು ವಿಷಲ್ಲನ್ನು ತುಟಿಯವರೆಗೆ ತಂದಳು. ಯಾವ ತಪ್ಪಿಗೆಂದು ನಿಲ್ಲಿಸುವುದು? ಬೆರಳು ಮಡಚಬಾರದು ಎಂದು ಯಾರಾದರೂ ನಿಯಮ ಮಾಡುತ್ತಾರೆಯೇ?

ಮೆಚ್ಚದೇ ಇರಲೂ ಆಗಲಿಲ್ಲ ಅವಳಿಗೆ. ಅವನು ಎಷ್ಟು ಚೆನ್ನಾಗಿ ಆಡಿದ. ದೂರದ ಒದೆ ಇಲ್ಲದ್ದರಿಂದ ಹತ್ತಿರ ಹೋಗಲೇಬೇಕು, ಹತ್ತಿರ ಹೋದರೆ ಪೆಟ್ಟು ತಿನ್ನಲೇಬೇಕು. ಪೆಟ್ಟು ತಿಂದು, ತಡೆದು, ಒಂದು ಹೆಜ್ಜೆ ಒಳಗೆ ನುಸುಳಿ ಗುದ್ದುತ್ತಿದ್ದ. ಅದು ಅವನ ಆಟವೇ ಅಲ್ಲ. ಬಲಗಡೆ ನಿಂತವರೆಲ್ಲ ಆಗ ಆಡುತ್ತಿದ್ದ ಆಟ, ಅವಳೂ ಆಡುತ್ತಿದ್ದ ಆಟ. ಮುಂದಿನ ಸಾಲಿನವರು ಅದನ್ನು ಗುರುತು ಹಿಡಿದು ಒಬ್ಬರನ್ನೊಬ್ಬರು ನೋಡಿಕೊಂಡರು.

ಫೈನಲ್‌ನಲ್ಲಿ ಎದುರಿಗೆ ಬಂದವಳು ಹಲ್ಲಿನ ಡಾಕ್ಟರಿಕೆಯ ಹುಡುಗಿ. ಸಪೂರ ಬೆರಳು, ಕಲ್ಲಿನಂಥ ಮುಖ. ಮೊದಲ ಸುತ್ತು ಅವಳದ್ದು, ಎರಡನೆಯದು ಅಣ್ಣನದು. ಮೂರನೆಯದರಲ್ಲಿ ಅವಳ ಜಟ್ಟಿ ಪೆಟ್ಟು ತಿಂದು ತಲೆ ತಿರುಗಿ ತೂರಾಡತೊಡಗಿದ. ಇನ್ನೊಂದು ಏಟು ಬಿದ್ದರೆ ಮುಗಿಯಿತು. ನಡುವೆ ಇದ್ದದ್ದು ಜೋರು ಒದೆಯಷ್ಟೇ ಉದ್ದದ ದೂರ. ಮುಂದಿನ ಸಾಲಿನಿಂದ "ಒದಿಯೋ" ಎಂದು ಪ್ಲಂಬರ್ ಕೂಗಿದ. ಅಣ್ಣನ ಬೆರಳು ಅಲುಗಲಿಲ್ಲ. ಒದೆಯುವ ಬದಲು ಅವನ ಜಟ್ಟಿ ಒಂದು ಹೆಜ್ಜೆ ಮುಂದೆ ನಡೆದ. ಅಷ್ಟರೊಳಗೆ ಹುಡುಗಿಯ ಜಟ್ಟಿ ಚೇತರಿಸಿಕೊಂಡು ಅವನನ್ನು ನೆಲಕ್ಕೆ ಕೆಡವಿದ.

ಚಪ್ಪಾಳೆ ಬಿತ್ತು. ಹುಡುಗಿ ಮಾತ್ರ ನಗಲಿಲ್ಲ. "ಅಂಕಲ್, ನೀವು ಆ ಬಟನ್ ಒತ್ತಲೇ ಇಲ್ಲ. ಹುಡುಗಿ ಅಂತ ಬಿಟ್ಟುಕೊಟ್ರಾ?"

ಕಂಡಕ್ಟರಮ್ಮ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಏನೋ ಒಂದು ನೆವ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಕೈ ಜುಮ್ಮೆಂದಿತು ಎಂದರೆ ಯಾರು ಬೇಡವೆನ್ನುತ್ತಿದ್ದರು?

"ಇಲ್ಲಮ್ಮ, ಬಿಟ್ಟುಕೊಟ್ಟಿಲ್ಲ," ಎಂದ ಅಣ್ಣ. ಆಮೇಲೆ ಮುಂದಿನ ಸಾಲಿನ ಕಡೆ ತಿರುಗಿದ. "ನಮ್ಮ ಕಾಲದಲ್ಲಿ ಈ ಕಡೆ ಇದು ಕೆಟ್ಟಿತ್ತು. ಇವರೆಲ್ಲ ಐದರಲ್ಲೇ ನನ್ನ ಜೊತೆ ಆಡ್ತಿದ್ರು. ನನಗೆ ಗೊತ್ತಿರಲಿಲ್ಲ. ಅಲ್ಲ, ಗೊತ್ತಿರಲಿಲ್ಲ ಅಂದ್ರೂ ಸುಳ್ಳೇ. ನನ್ನ ತಂಗಿ ಹೇಳಿದ್ಲು, ನಾನೇ ನಕ್ಕು ಬಾಯಿ ಮುಚ್ಚಿಸಿದೆ. ಐದರಲ್ಲಿ ಗೆದ್ದು ತೋರಿಸ್ಬೇಕು ಅಂತ ಆಡ್ದೆ. ಆಗಲಿಲ್ಲ."

"ಅದು ನಿಮ್ಮ ಲೆಕ್ಕ ಅಂಕಲ್," ಎಂದಳು ಹುಡುಗಿ. "ನನ್ನ ಗೆಲುವು ಯಾಕೆ ಅದರಲ್ಲಿ ಸೇರಿಸಿದ್ರಿ? ಮತ್ತೆ ಆಡಿ. ಆರೂ ಒತ್ತಿ."

ಎಲ್ಲರೂ ಕಂಡಕ್ಟರಮ್ಮನ ಕಡೆ ನೋಡಿದರು. ಮುಗಿದ ಪಂದ್ಯ ಮುಗಿದದ್ದೇ ಎಂದು ಬೆಳಿಗ್ಗೆ ತಾನೇ ಅವಳು ಹೇಳಿದ್ದಳು. "ಗೆದ್ದವಳೇ ಕೇಳ್ತಿದ್ದಾಳೆ," ಎಂದಳು. "ಸೋತವನು ಕೇಳಿದ್ರೆ ಕೊಡ್ತಿರಲಿಲ್ಲ." ಮತ್ತೆ ಎರಡು ಸಲ ಊದಿದಳು.

ಅಣ್ಣ ಐದೂ ಬೆರಳು ಬಿಚ್ಚಿ ಆಡಿದ. ಹುಡುಗಿ ಎರಡೇ ಸುತ್ತಿನಲ್ಲಿ ಮುಗಿಸಿದಳು. ಐದು ಬಟನ್‌ನಲ್ಲಿ ಮೂರನೇ ಸುತ್ತಿನವರೆಗೆ ಎಳೆದಿದ್ದವನು ಆರರಲ್ಲಿ ಎರಡಕ್ಕೇ ಮಲಗಿಬಿಟ್ಟ. ಮೊದಲು ನಕ್ಕವನು ಅವನೇ. ಹೊಟ್ಟೆ ಹಿಡಿದುಕೊಂಡು ನಕ್ಕ. ಹುಡುಗಿಯೂ ಆಗ ಬಾಯಿ ತುಂಬ ನಗುತ್ತ, ಸ್ಟೇರಿಂಗನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದಳು. ಡ್ರೈವರುಗಳು ಬಾಯಿಂದಲೇ ಹಾರ್ನ್ ಹೊಡೆದರು.

ಜನ ಕರಗತೊಡಗಿದರು. ಕಂಡಕ್ಟರಮ್ಮ ಕುರ್ಚಿ ಮಡಚುತ್ತ ಅಣ್ಣನ ಚೀಲಕ್ಕಾಗಿ ಕಣ್ಣಾಡಿಸಿದಳು, ಸೋತಾಗಿನ ಹಳೇ ಅಭ್ಯಾಸದಂತೆ ಅವನು ಅದನ್ನು ಹೆಗಲಿಗೆ ಹಾಕಿಕೊಂಡಿರಬೇಕೆಂದು. ಅವನು ಪೆಟ್ಟಿಗೆಯ ಮುಂದೆ ಬಲಗಡೆಯೇ ನಿಂತಿದ್ದ.

"ಯಾರ್ ಬರ್ತೀರೋ ಬನ್ನಿ," ಎಂದ. "ಎಡಗಡೆ ಖಾಲಿ ಇದೆ."

ಮೊದಲು ಪ್ಲಂಬರ್ ಎದ್ದ. ಎಡಗಡೆಗೆ ಹೋಗಿ, ಅಲ್ಲಿ ನಿಲ್ಲುವುದು ಹೇಗೆಂದು ತಿಳಿಯದವನ ಹಾಗೆ ಎರಡು ಸಲ ಕಾಲು ಸರಿಪಡಿಸಿಕೊಂಡ. ಅವನ ಹಿಂದೆ ಹಳೇ ಗಿರಾಕಿಗಳಲ್ಲೊಬ್ಬನಾದ ಬೇಕರಿಯವನು ಬಂದು ನಿಂತ. ಅವನ ಹಿಂದೆ ಡ್ರಾಯಿಂಗ್ ಮೇಷ್ಟ್ರು, ಮನೆಗೆ ಹೊರಟವರು ಹೆಂಡತಿಗೆ ಫೋನಿನಲ್ಲಿ "ಇಲ್ಲೇ ಇದೀನಿ, ಬಂದೆ" ಎನ್ನುತ್ತ ಸಾಲಿಗೆ ಸೇರಿಕೊಂಡರು. ಪ್ಲಂಬರ್ ಗೆದ್ದ. ಗೆದ್ದು, ಅಣ್ಣನ ಬೆನ್ನಿಗೊಂದು ಗುದ್ದಿ, ಜಾಗ ಬಿಟ್ಟ. ಬೇಕರಿಯವನು ಸೋತ, ಆದರೂ ನಗುತ್ತಲೇ ಬಂದ.

ಕೊಠಡಿಯ ಬೀಗ ಹಾಕುವ ಹೊತ್ತು ಮೀರಿತ್ತು. ಕಂಡಕ್ಟರಮ್ಮ ಬಾಗಿಲ ಬಳಿ ಬೀಗದ ಕೈ ಹಿಡಿದು ನಿಂತು ನೋಡಿದಳು. ಒಂದು ಸಲ ಊದಿದರೆ ಎಲ್ಲರೂ ಹೊರಡುತ್ತಿದ್ದರು. ಅವಳು ವಿಷಲ್ಲನ್ನು ಕೊರಳಿನಿಂದ ತೆಗೆದು ಕಿಟಕಿಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಷ್ಟ್ರ ಹಿಂದೆ ಹೋಗಿ ನಿಂತಳು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವಳೂ ಸರಿದಳು.