ಸುಗಂಧಿಯ ದೋಣಿ ಕೊಯ್ದ ಗರಗಸ

ನಾನು ಒಂದು ಜಿಗ್ಸಾ, ಕರೆಂಟಿನಿಂದ ಓಡುವ ಪುಟ್ಟ ಗರಗಸ. ದೂರದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಕಬ್ಬಿಣದ ಪಾದ, ಹೊಟ್ಟೆಯಲ್ಲಿ ಮೋಟಾರು, ಬಾಯಲ್ಲಿ ಬೆರಳುದ್ದದ ಬ್ಲೇಡು. ಅದು ಮೇಲೆ ಕೆಳಗೆ ಕುಣಿದರೆ ಹಲಗೆ ಎರಡಾಗುತ್ತದೆ.

ಕುಂದಾಪುರದ ಅಂಗಡಿಯಲ್ಲಿ ನಾನು ದೊಡ್ಡ ಚಕ್ರಗರಗಸದ ಪಕ್ಕ ಕುಳಿತಿದ್ದೆ. ಒಂದು ದಿನ ವಾಸು ಖಾರ್ವಿ ಬಂದ. ಹೊಳೆಯ ನಡುವಿನ ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಅವನ ಮನೆ. ಹೆಂಡತಿ ಸುಗಂಧಿಯ ಮೂತ್ರಪಿಂಡ ಕೈಕೊಟ್ಟಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೊಳೆ ದಾಟಲೇಬೇಕು. ಅವರ ಹಳೆಯ ದೋಣಿ ತಳ ಬಿರಿದು ಮುಳುಗಿತ್ತು. ನೆರೆಯವರ ದೋಣಿಗಳು ನಸುಕಿಗೇ ಮೀನಿಗೆ ಹೋಗುತ್ತಿದ್ದವು; ಸದ್ಯಕ್ಕೆ ಅವುಗಳಲ್ಲೇ ಹೇಗೋ ದಾಟುತ್ತಿದ್ದರು. ಮಳೆ ಹಿಡಿಯುವ ಮೊದಲು ದೋಣಿಯನ್ನು ತಾನೇ ಕಟ್ಟುವುದೆಂದು ಅವನು ಹೊರಟಿದ್ದ. ಅವನ ಕಣ್ಣು ಚಕ್ರಗರಗಸದ ಮೇಲೆ ಬಿತ್ತು.

"ನಿಮ್ಮ ಕುದ್ರಂಗೆ ಕರೆಂಟ್ ಸಮ ಇತ್ತಾ?" ಅಂಗಡಿಯವರು ಕೇಳಿದರು.

"ಎಲ್ಲಿ ಮಾರ್ರೆ, ಬಲ್ಬೇ ಸಮ ಉರೂದಿಲ್ಲೆ."

"ಹಾಂಗಾರೆ ಅದ್ ತಿರ್ಗೂದಿಲ್ಲೆ. ಸೀದಾ ಕೊಯ್ಕಾರೆ ಅದೇ ಒಳ್ಳೇದ್, ಆರೆ ದೋಣಿಗೆ ಬಳುಕಿದ ಗೆರಿ ಅಲ್ದಾ? ಇದನ್ನೇ ತಕಂಡ್ ಹೋಯ್ನಿ."

ಹೀಗೆ ನಾನು ಕುದ್ರು ಸೇರಿದೆ.

ವಾಸುವಿಗೆ ಬಲೆ ಗೊತ್ತು, ನಾನು ಗೊತ್ತಿಲ್ಲ. ಅವಸರಕ್ಕೆ ನನ್ನನ್ನು ಪ್ಲೈವುಡ್ಡಿಗೆ ಒತ್ತಿ ಒತ್ತಿ ನೂಕಿದ. ಬ್ಲೇಡು ಕಾಯಿತು, ಬಾಗಿತು, ಗೆರೆ ಬಿಟ್ಟು ಓಡಿ ಟಕ್ಕೆಂದು ಮುರಿಯಿತು. ಹಲಗೆ ಹಾಳಾಯಿತು. ಅವನು ಅಂಗಳದಲ್ಲೇ ತಲೆಯ ಮೇಲೆ ಕೈಹೊತ್ತು ಕುಳಿತ.

ಸುಗಂಧಿ ಜಗಲಿಯಿಂದ ಗೋಡೆ ಹಿಡಿದು ಇಳಿದು ಬಂದಳು. ಕಾಯಿಲೆಗೆ ಮುಂಚೆ ಇಪ್ಪತ್ತು ವರ್ಷ ರವಿಕೆ ಹೊಲಿದವಳು.

"ಹ್ವಾಯ್, ಒತ್ತ್‌ಬೇಡಿ. ಅದ್ರಷ್ಟಿಗೆ ಹೋತ್ತ್, ಬಿಡಿ. ಎರಡ್ ತೋಳೂ ಒಟ್ಟಿಗೇ ಕತ್ತರ್ಸುದಲ್ದಾ ನಾನ್?"

ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಬಿಗಿಸಿದರು. ಅವಳು ಚಾಕ್‌ನಿಂದ ಗೆರೆ ಎಳೆದಳು. ಹೊಸ ಬ್ಲೇಡು ಹಾಕಿ, ಗೆರೆಗಿಂತ ಕೂದಲಷ್ಟು ಹೊರಗೆ, ನಾನು ನಿಧಾನ ನಡೆದೆ. ದೋಣಿಯ ಎರಡು ಪಕ್ಕಗಳು ಜೋಡಿ ತೋಳಿನಂತೆ ಒಂದೇ ಅಳತೆಗೆ ಬಂದವು. ಸುಗಂಧಿಯ ಊದಿದ ಮುಖದಲ್ಲಿ ನಗು ಕಂಡದ್ದು ಅವತ್ತೇ.

ತಳದ ಹಲಗೆಯೊಂದು ಉಳಿದಿತ್ತು. ಅಷ್ಟರಲ್ಲಿ, ಮಳೆಗಾಲಕ್ಕೆ ಹತ್ತು ದಿನ ಮೊದಲೇ, ಬಿರುಗಾಳಿ ಎದ್ದಿತು. ಮೀನಿಗೆ ಹೋದ ದೋಣಿಗಳೆಲ್ಲ ಆಚೆ ಬಂದರಿನಲ್ಲೇ ಸಿಕ್ಕಿಬಿದ್ದವು. ಸುಗಂಧಿಯ ಒಂದು ಸರದಿ ತಪ್ಪಿತು. ಮರುದಿನ ಅವಳಿಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಕುಳಿತೇ ಇದ್ದಳು. ಊದಿದ ಕಾಲನ್ನು ಬೆರಳಿಂದ ಒತ್ತಿದರೆ ಕುಳಿ ಬೀಳುತ್ತಿತ್ತು.

ನಾನು ಹಲಗೆಯ ಅರ್ಧ ದಾಟಿದ್ದೆ. ಕರೆಂಟು ಹೋಯಿತು.

ವಾಸು ಸ್ವಿಚ್ಚು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಹಲಗೆಯಲ್ಲಿ ಹಲ್ಲು ಕಚ್ಚಿಕೊಂಡೇ ನಾನು ಹೆಣವಾಗಿ ನಿಂತಿದ್ದೆ. ಒಳಗಿಂದ ಅವಳ ಉಸಿರಿನ ಶಿಳ್ಳೆ ಕೇಳುತ್ತಿತ್ತು. ಅವನು ನನ್ನನ್ನು ಕಿತ್ತು ಬದಿಗೆಸೆದು ತುಕ್ಕು ಹಿಡಿದ ಕೈಗರಗಸ ಹುಡುಕಿ ತಂದ. ಅಳುತ್ತ ಕೊಯ್ದ. ಅಂಗೈಯ ಚರ್ಮ ಕಿತ್ತು ಗರಗಸದ ಹಿಡಿ ಕೆಂಪಾಯಿತು. ತಳವನ್ನು ಸ್ಕ್ರೂ ಬಿಗಿದು ಕೂರಿಸಿದ. ಅಂಟು ಒಣಗಲು ಹೊತ್ತೆಲ್ಲಿತ್ತು? ಸಂದುಗಳಿಗೆ ಹತ್ತಿ, ಟಾರು ತುರುಕಿ, ಅವಳನ್ನು ಎತ್ತಿ ದೋಣಿಯಲ್ಲಿ ಕೂರಿಸಿದ.

"ನೀರ್ ಬತ್ತಾ ಇತ್ತ್," ಎಂದಳು ಅವಳು.

"ಮೊಗೆ, ಸುಗಂಧಿ. ನಿಲ್ಸ್‌ಬೇಡ."

ಅಷ್ಟೇ ನನಗೆ ಕೇಳಿಸಿತು. ಆಮೇಲೆ ಮಳೆಯ ಸದ್ದು.

ಮೂರನೆಯ ದಿನ ಇಬ್ಬರೂ ಬಂದರು. ಅವಳು ನಡೆದೇ ಅಂಗಳ ದಾಟಿದಳು.

ಆಮೇಲೆ ಕುದ್ರುವಿನ ಇನ್ನೆರಡು ಮನೆಗಳಿಗೆ ದೋಣಿ ಕೊಯ್ದೆ. ಕೊನೆಯದು ಮುಗಿಯುವಾಗ ನನ್ನ ಮೋಟಾರು ಸುಟ್ಟು ಹೊಗೆ ಬಂತು. ವಾಸು ನನ್ನನ್ನು ಗುಜರಿಗೆ ಹಾಕಲಿಲ್ಲ. ಜಗಲಿಯ ಹಲಗೆಯ ಮೇಲೆ ಕುಳಿತಿದ್ದೇನೆ. ಉಪ್ಪು ಗಾಳಿ ನನ್ನನ್ನು ದಿನಾ ಒಂದಿಷ್ಟು ತಿನ್ನುತ್ತಿದೆ. ಕೊಯ್ಯುವುದು ನನ್ನ ಗುಣ. ಅದರಿಂದ ಯಾರಿಗೋ ಒಂದಷ್ಟು ದಿನ ಸಿಕ್ಕವು. ಎಷ್ಟೆಂದು ನಾನರಿಯೆ.

ಸುಗಂಧಿ ಈಗ ನಡೆಯಲಾರಳು. ಇವತ್ತು ಬೆಳಿಗ್ಗೆಯೂ ಡಯಾಲಿಸಿಸ್‌ಗೆಂದು ವಾಸು ಅವಳನ್ನು ದೋಣಿಗೆ ಎತ್ತಿಕೊಂಡು ಹೋದ. ಹೊತ್ತು ಇಳಿಯುತ್ತಿದೆ. ದಡಕ್ಕೆ ದೋಣಿ ತಾಗುವ ಸದ್ದಿಗೆ ಕಾಯುತ್ತಿದ್ದೇನೆ, ಅದರ ಹಿಂದೆ ಎರಡು ದನಿಗಳಿಗೂ.