ಸುಳ್ಳು ಹೇಳುವ ಮುಳ್ಳು

ಹಿಂದಿನ ದಿನ ಪೆಟ್ರೋಲ್ ಬಂಕಿಗೆ ಬೀಗ ಬಿದ್ದಿತ್ತು. ಪೆಟ್ರೋಲ್ ಮೀಟರಿನ ಮುಳ್ಳು ಖಾಲಿಯ ಗೆರೆಯ ಮೇಲೆ ಅಂಗಾತ ಮಲಗಿದ್ದರೂ ಆ ಹಳೆಯ ಕಾರು ಮದುಮಕ್ಕಳನ್ನು ಹೊತ್ತು ಊರೆಲ್ಲ ಸುತ್ತಿ, ಒಮ್ಮೆಯೂ ಕೆಮ್ಮದೆ ಮನೆ ಸೇರಿತ್ತು. ಬೇರೆ ಯಾರಾದರೂ ಆಗಿದ್ದರೆ ಬಚಾವಾದೆ ಎಂದುಕೊಳ್ಳುತ್ತಿದ್ದರು. ಕಾರು ಓಡಿಸಿದ ಅವಳಿಗೆ ಮಾತ್ರ ಮೈಯೆಲ್ಲ ಉರಿಯಿತು.

ಉರಿಯದೆ ಇನ್ನೇನು? ಮದುವೆಗೆ, ಫೋಟೊಗೆ ಎಂದು ಅಜ್ಜನ ಕಾರನ್ನು ಬಾಡಿಗೆಗೆ ಓಡಿಸತೊಡಗಿದಾಗಿನಿಂದ, 'ಟ್ಯಾಂಕು ಸಣ್ಣದು, ಅರ್ಧ ದಾರಿಯಲ್ಲಿ ಕೈಕೊಡುತ್ತೆ' ಎಂಬ ಮಾತು ನಂಬಿ ದೂರದ ಬಾಡಿಗೆಗಳನ್ನೆಲ್ಲ ಬಿಟ್ಟವಳು ಅವಳು. ಹಾಗೆಂದವನು ಅಣ್ಣ. ಮನೆಗೆ ಅಂಟಿಕೊಂಡೇ ಗ್ಯಾರೇಜು ಇಟ್ಟವನು, ಆ ಕಾರಿನ ನರನಾಡಿ ಬಲ್ಲವನು. ಅವನ ಮಾತನ್ನು ಅನುಮಾನಿಸುವುದುಂಟೇ? ಈಗ ಬೆಟ್ಟದಾಚೆಯ ಊರಿನಿಂದ ಸಿನಿಮಾದವರು ಕರೆದಿದ್ದರು. ಒಂದಿಡೀ ತಿಂಗಳ ಕೆಲಸ. ಆ ದಾರಿಯಲ್ಲಿ ಬಂಕುಗಳು ಬಲು ಅಪರೂಪ. ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

ಅಣ್ಣ ಊಟಕ್ಕೆ ಹೋದದ್ದೇ ತಡ, ಅಮ್ಮನನ್ನು ಎಳೆದು ತಂದು ಸ್ಟಿಯರಿಂಗಿನ ಮುಂದೆ ಕೂರಿಸಿದಳು. ಕೀ ತಿರುಗಿಸಿ, ಡಿಕ್ಕಿ ತೆರೆದು, ಟ್ಯಾಂಕಿನ ಮೇಲಿನ ವೈರು ಬಿಚ್ಚಿ ಅದರ ತುದಿಯನ್ನು ಕಾರಿನ ಕಬ್ಬಿಣಕ್ಕೆ ಮುಟ್ಟಿಸಿದಳು.

"ಮುಳ್ಳು ಏಳ್ತಾ ಇದೆ ಕಣೇ," ಅಂದರು ಅಮ್ಮ. "ಪೂರ್ತಿ ಮೇಲೆ ಹೋಯ್ತು."

ಅಲ್ಲಿಗೆ ಮೀಟರು ಸರಿ, ವೈರೂ ಸರಿ. ಕಳ್ಳ ಟ್ಯಾಂಕಿನೊಳಗೇ ಇದ್ದ.

"ಸಾಕು ಬಿಡೇ. ಅಣ್ಣ ಬಂದು ನೋಡ್ತಾನೆ." ಅಮ್ಮನ ದನಿಯಲ್ಲಿ ಕಾರಣವಿಲ್ಲದ ಅವಸರವಿತ್ತು.

ಅವಳು ಬಿಡಲಿಲ್ಲ. ಸ್ಕ್ರೂ ಬಿಚ್ಚಿ ಫ್ಲೋಟನ್ನು ಹೊರಗೆಳೆದಳು. ಪೆಟ್ರೋಲಿನ ಮೇಲೆ ತೇಲುತ್ತ, ಒಂದು ಕಡ್ಡಿಯ ತುದಿಯಲ್ಲಿ ಏರಿಳಿದು ಮುಳ್ಳನ್ನು ಆಡಿಸುವ ಹಿತ್ತಾಳೆಯ ಡಬ್ಬಿ ಅದು. ಕಿವಿಯ ಬಳಿ ಅಲುಗಿಸಿದಳು. ಒಳಗೆ ಪೆಟ್ರೋಲು ಕುಲುಕುವ ಸದ್ದಿಲ್ಲ, ಅಂದರೆ ತೂತಿಲ್ಲ. ಆದರೆ ಕಡ್ಡಿ ನಟ್ಟನಡುವೆ ಮೊಣಕೈಯಂತೆ ಮಡಚಿಕೊಂಡಿತ್ತು. ಮಡಿಕೆಯ ಎರಡೂ ಬದಿಗೆ ಇಕ್ಕಳದ ಹಲ್ಲುಗಳ ಗುರುತು. ಅದು ತಾನಾಗಿ ಬಾಗಿದ್ದಲ್ಲ, ಬಾಗಿಸಿದ್ದು. ಅರ್ಧ ಟ್ಯಾಂಕು ಪೆಟ್ರೋಲಿದ್ದರೂ ಖಾಲಿ ಎಂದು ತೋರಿಸುವ ಹಾಗೆ.

"ಅಮ್ಮ, ನಿಂಗೂ ಗೊತ್ತಿತ್ತಾ?"

ಅಮ್ಮ ಸ್ಟಿಯರಿಂಗಿನ ಮೇಲಿಲ್ಲದ ಧೂಳನ್ನು ಒರೆಸತೊಡಗಿದರು.

ಅಷ್ಟರಲ್ಲಿ ಅಣ್ಣ ಕೈ ಒರೆಸಿಕೊಳ್ಳುತ್ತ ಬಂದ. ಅವಳ ಕೈಯಲ್ಲಿದ್ದುದನ್ನು ನೋಡಿಯೂ ಅವನ ಮುಖ ಬಾಡಲಿಲ್ಲ. ಅದೇ ಅವಳ ಸಿಟ್ಟಿಗೆ ತುಪ್ಪ ಸುರಿಯಿತು.

"ನಿನ್ನ ಒಳ್ಳೇದಕ್ಕೇ ಮಾಡಿದ್ದು. ಒಂಟಿ ಹೆಂಗಸು, ಯಾವುದೋ ದಾರೀಲಿ ಪೆಟ್ರೋಲ್ ಮುಗಿದು ನಿಂತ್ರೆ?"

"ಟ್ಯಾಂಕ್ ಸಣ್ಣದು ಅಂದ್ಯಲ್ಲ?"

"ಹಾಗಂದ್ರೆ ತಾನೇ ನೀನು ಕೇಳೋದು."

ಎಷ್ಟು ಸಲೀಸಾಗಿ ಅಂದುಬಿಟ್ಟ. ಎಷ್ಟು ಜನಕ್ಕೆ ಇಲ್ಲದ ನೆಪ ಹೇಳಿ ಫೋನಿಟ್ಟಿದ್ದಳೋ, ಎಷ್ಟು ಊರುಗಳನ್ನು ಬರೀ ಹೆಸರು ಕೇಳಿ ಕೈಬಿಟ್ಟಿದ್ದಳೋ, ಎಲ್ಲ ಒಟ್ಟಿಗೆ ನೆನಪಿಗೆ ಬಂತು.

"ಕೊಡಿಲ್ಲಿ, ನೆಟ್ಟಗೆ ಮಾಡ್ಕೊಡ್ತೀನಿ," ಎಂದು ಅವನು ಕೈ ಚಾಚಿದ.

ಅವಳು ಕೊಡಲಿಲ್ಲ. ಅವನದೇ ಇಕ್ಕಳ ಎತ್ತಿಕೊಂಡು, ಹಲ್ಲು ಕಚ್ಚಿ, ಕಡ್ಡಿಯನ್ನು ತಾನೇ ನೆಟ್ಟಗೆ ಮಾಡಿ ಟ್ಯಾಂಕಿಗೆ ಕೂರಿಸಿದಳು. ವೈರು ಸಿಕ್ಕಿಸಿದ ಮೇಲೆ ಮುಳ್ಳು ಕಾಲು ಗೆರೆಗೆ ಬಂದು ನಿಂತಿತು. ಅಲ್ಲೇ ನಿಂತು ಸಿನಿಮಾದವರಿಗೆ ಫೋನು ಹಚ್ಚಿ, "ಬರ್ತೀನಿ," ಎಂದಳು.

ಅಣ್ಣನ ಮುಖ ಊದಿಕೊಂಡಿತು. "ಇಷ್ಟು ವರ್ಷದಲ್ಲಿ ಒಂದ್ಸಲಾದ್ರೂ ನಡುದಾರೀಲಿ ನಿಂತಿದ್ದೀಯಾ? ಅದನ್ನೂ ಸ್ವಲ್ಪ ಯೋಚ್ನೆ ಮಾಡು."

"ನಿಲ್ಲೋದಕ್ಕಾದ್ರೂ ಎಲ್ಲಿಗಾದ್ರೂ ಹೊರಟಿರ್ಬೇಕಲ್ಲ ಅಣ್ಣ," ಎಂದು ಅವಳು ಡಿಕ್ಕಿ ಮುಚ್ಚಿದಳು.